ಹಸಿರಾದ ಈಜುಕೊಳದ ನೀರು ಚೆಲ್ಲಬೇಡಿ

ಪಂಪ್ ಕೆಟ್ಟು ವಾರ ಕಳೆಯುವಷ್ಟರಲ್ಲಿ ಅಪಾರ್ಟ್‌ಮೆಂಟಿನ ಈಜುಕೊಳ ಪಾಚಿಗಟ್ಟಿದ ಕಲ್ಯಾಣಿಯಂತಾಗುತ್ತದೆ. ಖಾಲಿ ಮಾಡಿ ಹೊಸ ನೀರು ತುಂಬಿಸೋಣ ಎಂಬ ಮಾತು ಆಗಲೇ ಶುರು. ಅವಸರ ಬೇಡ. 12 ಮೀಟರ್ ಉದ್ದ, 6 ಮೀಟರ್ ಅಗಲ, ಸರಾಸರಿ 1.3 ಮೀಟರ್ ಆಳದ ಕೊಳದಲ್ಲಿ ಸುಮಾರು 94,000 ಲೀಟರ್ ನೀರಿರುತ್ತದೆ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಈಜುಕೊಳಕ್ಕೆ ಕುಡಿಯುವ ನೀರು ಬಳಸುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ಆ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇಷ್ಟು ನೀರಿನ ಬೆಲೆ ಗೊತ್ತು. ಮಳೆಗಾಲದಲ್ಲಂತೂ ಅಂತರ್ಜಲ ಮೇಲೇರಿದ್ದರೆ ಖಾಲಿ ಕೊಳದ ತಳ ಕೆಳಗಿನ ಒತ್ತಡಕ್ಕೆ ಬಿರುಕು ಬಿಡಬಹುದು.

ಪಂಪ್ ನಿಂತರೆ ನೀರು ಸೋಸುವುದೂ ನಿಲ್ಲುತ್ತದೆ, ಕ್ಲೋರಿನ್ ಮೂಲೆಮೂಲೆಗೆ ಹೋಗುವುದೂ ನಿಲ್ಲುತ್ತದೆ. ಇದ್ದ ಕ್ಲೋರಿನ್ ಬಿಸಿಲಿಗೆ ಒಡೆಯುತ್ತದೆ. ಅದನ್ನು ಕಾಯುವ ಸಯನೂರಿಕ್ ಆಮ್ಲ ನೀರಿನಲ್ಲಿ ಇಲ್ಲದಿದ್ದರೆ ಸುಡುಬಿಸಿಲಲ್ಲಿ ಮುಕ್ಕಾಲು ಗಂಟೆಗೆ ಸುಮಾರು ಅರ್ಧ ಮಾಯ. ಉದುರಿದ ಎಲೆ, ದೂಳು ಪಾಚಿಗೆ ಗೊಬ್ಬರ. ಪಾಚಿ ನೀರಿನ ಇಂಗಾಲದ ಡೈಆಕ್ಸೈಡ್ ಹೀರುವುದರಿಂದ ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, ಏರುತ್ತದೆ. ತೊಡಕು ಇಲ್ಲೇ ಇದೆ. ಕ್ಲೋರಿನ್ನಿನಲ್ಲಿ ಪಾಚಿಯನ್ನು ನಿಜವಾಗಿ ಕೊಲ್ಲುವುದು ಹೈಪೊಕ್ಲೋರಸ್ ಆಮ್ಲ. ಪಿಎಚ್ 7.2 ಇದ್ದಾಗ ಅದು ಮೂರರಲ್ಲಿ ಎರಡು ಪಾಲು, 8ಕ್ಕೆ ಏರಿದಾಗ ಬರೀ ಕಾಲು ಪಾಲು.

ನಿಂತ ನೀರಿಗೆ ಸುರಿದ ಮದ್ದು ಬಿದ್ದಲ್ಲೇ ತಳ ಸೇರುತ್ತದೆ. ಹಾಗಾಗಿ ಮೊದಲು ಪಂಪ್. ಮೇನ್ ಸ್ವಿಚ್ ಆಫ್ ಮಾಡಿಯೇ ಕೈಹಾಕಿ. ಮೋಟರ್ ಗುಂಯ್ ಎಂದರೂ ತಿರುಗದಿದ್ದರೆ ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ, ಇಲ್ಲವೇ ನೀರು ತಳ್ಳುವ ಚಕ್ರವಾದ ಇಂಪೆಲರಿಗೆ ಕಸ ಸಿಕ್ಕಿರುತ್ತದೆ. ತಿರುಗಿದರೂ ನೀರೆಳೆಯದಿದ್ದರೆ ಪಂಪಿನ ಮುಂದೆ ಕಸ ಹಿಡಿಯುವ ಸ್ಟ್ರೈನರ್ ಮುಚ್ಚಳದ ರಬ್ಬರ್ ಉಂಗುರ ನೋಡಿ. ಒಣಗಿ ಸೀಳಿದ್ದರೆ ಗಾಳಿ ಎಳೆಯುತ್ತದೆ. ಸ್ಟ್ರೈನರಿಗೆ ನೀರು ತುಂಬಿಸದೆ ಓಡಿಸಿದರೆ ಸೀಲ್ ಸುಟ್ಟು ಹೋಗುತ್ತದೆ.

ಬಲೆಯಿಂದ ಎಲೆಗಳನ್ನೆಲ್ಲ ಎತ್ತಿ, ಗೋಡೆಯ ಲೋಳೆಯನ್ನು ಬ್ರಶ್‌ನಿಂದ ಉಜ್ಜಿ. ಉಜ್ಜದೆ ಬಿಟ್ಟರೆ ಲೋಳೆಯ ಒಳಗಿನ ಪಾಚಿಗೆ ಕ್ಲೋರಿನ್ ತಾಗುವುದಿಲ್ಲ. ಪಿಎಚ್ ಇಳಿಸುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಹಾಕಿ, ಪ್ರತಿ ಸಲವೂ ಒಂದು ಗಂಟೆ ಪಂಪ್ ಓಡಿಸಿ, ಅಳೆದು, ಪಿಎಚ್ 7.2ಕ್ಕೆ ತನ್ನಿ. ಇದು ಕ್ಲೋರಿನ್‌ಗಿಂತ ಮುಂಚೆಯೇ ಆಗಬೇಕು. ಕ್ಲೋರಿನ್ 10 ಪಿಪಿಎಂ (ಲೀಟರಿಗೆ 10 ಮಿಲಿಗ್ರಾಂ) ದಾಟಿದ ಮೇಲೆ ಪಿಎಚ್ ಅಳತೆ ನಂಬುವಂತಿಲ್ಲ. ಈ ಆಮ್ಲಕ್ಕೂ ಕ್ಲೋರಿನ್ ಕೊಡುವ ಹೈಪೊಕ್ಲೋರೈಟಿಗೂ ಒಂದೇ ಬಕೆಟ್ ಬಳಸಲೇಬೇಡಿ, ವಿಷಾನಿಲ ಏಳುತ್ತದೆ.

ಸಯನೂರಿಕ್ ಆಮ್ಲ 30 ಪಿಪಿಎಂ ಇರುವ ಕೊಳಕ್ಕೆ ಸುಮಾರು 12 ಪಿಪಿಎಂ ಕ್ಲೋರಿನ್ ಬೇಕು. ನಮ್ಮ 94,000 ಲೀಟರಿಗೆ ಅದು 1.13 ಕೆಜಿ. ಶೇ 10ರ ದ್ರವ ಹೈಪೊಕ್ಲೋರೈಟ್ ಆದರೆ 11 ಲೀಟರ್, ಶೇ 65ರ ಕ್ಯಾಲ್ಸಿಯಂ ಹೈಪೊಕ್ಲೋರೈಟ್ ಆದರೆ 1.7 ಕೆಜಿ. ಸೂರ್ಯ ಇಳಿದ ಮೇಲೆ ಹಾಕಿ. ಹಳೆಯ ದ್ರವ ಸೆಕೆಗೆ ಸತ್ವ ಕಳೆದುಕೊಂಡಿರುತ್ತದೆ, ತಯಾರಾದ ದಿನಾಂಕ ನೋಡಿಯೇ ಕೊಳ್ಳಿ. ಈ ಕೆಲಸಕ್ಕೆ ಟಿಸಿಸಿಎ (ಟ್ರೈಕ್ಲೋರೋಐಸೋಸಯನೂರಿಕ್ ಆಮ್ಲ) ಎಂಬ ಕ್ಲೋರಿನ್ ಬಿಲ್ಲೆ ಸುರಿಯುವುದು ತಪ್ಪು: ಅದರಿಂದ 10 ಪಿಪಿಎಂ ಕ್ಲೋರಿನ್ ಬಂದಾಗ 6 ಪಿಪಿಎಂ ಸಯನೂರಿಕ್ ಆಮ್ಲವೂ ಸೇರುತ್ತದೆ, ಅದು ಕೂಡಿಕೊಂಡಷ್ಟೂ ಕ್ಲೋರಿನ್ ಮಂದವಾಗುತ್ತದೆ. ಆ ಬಿಲ್ಲೆ ಮತ್ತು ಬ್ಲೀಚಿಂಗ್ ಪೌಡರ್ ಬೆರೆತರೆ ಬೆಂಕಿಯೇ ಹೊತ್ತಿಕೊಳ್ಳಬಹುದು.

ಅಳೆಯುವಾಗ ಒಂದು ಮೋಸವಿದೆ. ಕ್ಲೋರಿನ್ ಇದ್ದರೆ ಗುಲಾಬಿಯಾಗುವ ಪರೀಕ್ಷಾ ಮದ್ದು ಡಿಪಿಡಿ ಹಾಕಿದ ನೀರು ಒಂದು ಕ್ಷಣ ಗುಲಾಬಿಯಾಗಿ ಕೂಡಲೇ ಬಣ್ಣ ಕಳೆದುಕೊಂಡರೆ ಕ್ಲೋರಿನ್ ಇಲ್ಲವೆಂದಲ್ಲ, ಬಣ್ಣವನ್ನೇ ಸುಡುವಷ್ಟು ಹೆಚ್ಚಿದೆ ಎಂದು. ಮಾದರಿಯನ್ನು ಶುದ್ಧ ನೀರಿನಲ್ಲಿ ಐದು ಪಟ್ಟು ತೆಳುಮಾಡಿ ಅಳೆದು, ಬಂದದ್ದನ್ನು ಐದರಿಂದ ಗುಣಿಸಿ.

ಹಸಿರು ಹೋಗಿ ನೀರು ಬೂದಿಬಣ್ಣದ ಬಗ್ಗಡವಾದರೆ ಪಾಚಿ ಸತ್ತಿದೆ. ಬೋರ್‌ವೆಲ್ ನೀರಾದರೆ ಕಬ್ಬಿಣದಿಂದ ಕಂದೂ ಆಗಬಹುದು. ಇನ್ನು ಕೆಲಸ ಮರಳು ಫಿಲ್ಟರಿನದು. ಪಂಪನ್ನು ಹಗಲೂ ರಾತ್ರಿ ಓಡಿಸಿ, ಕ್ಲೋರಿನ್ ಇಳಿದಂತೆಲ್ಲ ಮತ್ತೆ 12ಕ್ಕೆ ತನ್ನಿ. ಒತ್ತಡದ ಮುಳ್ಳು ಫಿಲ್ಟರ್ ಶುಚಿಯಾಗಿದ್ದಾಗಿನ ಮಟ್ಟಕ್ಕಿಂತ ಅರ್ಧ ಬಾರ್ ಏರಿದಾಗ ನೀರನ್ನು ಹಿಮ್ಮುಖವಾಗಿ ಹರಿಸಿ ಬ್ಯಾಕ್‌ವಾಶ್ ಮಾಡಿ. ಪಂಪ್ ಆಫ್ ಮಾಡದೆ ವಾಲ್ವ್ ಹಿಡಿ ತಿರುಗಿಸಿದರೆ ಒಳಗಿನ ಗ್ಯಾಸ್ಕೆಟ್ ಹರಿಯುತ್ತದೆ. ಆಲಂ ಹಾಕಿ ತಳಕ್ಕೆ ಕೂರಿಸಿದರೆ ಬೇಗ ತಿಳಿಯಾಗುವುದು ನಿಜ. ಆದರೆ ಆ ಗಸಿಯನ್ನು ಫಿಲ್ಟರಿಗೆ ಬಿಡದೆ ನೇರ ಹೊರಗೆ ಎಳೆಯಬೇಕು, ಇಲ್ಲವಾದರೆ ಮರಳು ಗಟ್ಟಿಕಟ್ಟುತ್ತದೆ.

ರಾತ್ರಿ ಅಳೆದು ಬೆಳಗಿನ ಬಿಸಿಲು ಬೀಳುವ ಮುನ್ನ ಮತ್ತೆ ಅಳೆಯಿರಿ. ಇಳಿಕೆ 1 ಪಿಪಿಎಂ ಒಳಗಿದ್ದರೆ ಕ್ಲೋರಿನ್ ತಿನ್ನುವ ಪಾಚಿ ಹೆಚ್ಚೇನೂ ಉಳಿದಿಲ್ಲ. ಆಮೇಲೆ ಕ್ಲೋರಿನ್ ದಿನನಿತ್ಯದ ಮಟ್ಟಕ್ಕೆ ಇಳಿಯಲು ಬಿಡಿ. ಅದಾದರೂ ತಳದ ಜಾಲರಿಯ ಸರಳುಗಳನ್ನು ದಡದಿಂದಲೇ ಎಣಿಸುವಂತಾಗುವ ತನಕ ಯಾರನ್ನೂ ನೀರಿಗೆ ಇಳಿಸಬೇಡಿ. ಬಗ್ಗಡದಲ್ಲಿ ಮುಳುಗಿದ ಮಗು ಪಕ್ಕದಲ್ಲಿ ನಿಂತವರಿಗೂ ಕಾಣುವುದಿಲ್ಲ.