ಪದ ಪರಿಚಯ: 'ಸಮಗ್ರ ಕಾರ್ಯತಂತ್ರ ಪಾಲುದಾರಿಕೆ' ಅಂದರೆ ಏನು?

2024ರ ಜೂನ್ 19ರಂದು ಉತ್ತರ ಕೊರಿಯಾದ ರಾಜಧಾನಿ ಪ್ಯಾಂಗ್ಯಾಂಗ್‌ನಲ್ಲಿ ಪುಟಿನ್ ಮತ್ತು ಕಿಮ್ ಜಾಂಗ್ ಉನ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. 2025ರ ಜನವರಿ 17ರಂದು ಮಾಸ್ಕೋದಲ್ಲಿ ಅದೇ ಪುಟಿನ್, ಇರಾನ್ ಅಧ್ಯಕ್ಷ ಮಸೂದ್ ಪೆಜೆಶ್ಕಿಯಾನ್ ಜೊತೆ ಇನ್ನೊಂದಕ್ಕೆ ಸಹಿ ಹಾಕಿದರು. ಎರಡರ ಹೆಸರೂ ಒಂದೇ: ಸಮಗ್ರ ಕಾರ್ಯತಂತ್ರ ಪಾಲುದಾರಿಕೆ ಒಪ್ಪಂದ. ಮೊದಲನೆಯದಕ್ಕೆ ಸಹಿ ಬಿದ್ದ ಕೆಲವೇ ತಿಂಗಳಲ್ಲಿ ಉತ್ತರ ಕೊರಿಯಾದ ಸೈನಿಕರು ರಷ್ಯಾಕ್ಕೆ ಬಂದು ಉಕ್ರೇನ್ ಸೇನೆಯ ವಿರುದ್ಧ ಹೋರಾಡಿದರು. ಎರಡನೆಯದಕ್ಕೆ ಸಹಿ ಬಿದ್ದ ಐದು ತಿಂಗಳಿಗೆ ಇರಾನ್ ಮೇಲೆ ಬಾಂಬ್ ಬಿತ್ತು. ರಷ್ಯಾ ಅದನ್ನು ಖಂಡಿಸಿತು, ಮಧ್ಯಸ್ಥಿಕೆ ವಹಿಸುತ್ತೇನೆ ಅಂದಿತು. ಸೈನ್ಯ ಮಾತ್ರ ಹೋಗಲಿಲ್ಲ.

ಸುದ್ದಿಯಲ್ಲಿ ಈ ಹೆಸರು ಎಷ್ಟು ಸಲ ಬರುತ್ತದೆ ಅಂದರೆ, ನಾವು ಓದದೇ ದಾಟಿಬಿಡುತ್ತೇವೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೆ ನಿಗದಿಯಾದ ಅರ್ಥವೇ ಇಲ್ಲ. 'ಉಡುಪಿ ಹೋಟೆಲ್' ಅಂತ ಬೋರ್ಡ್ ಇದ್ದ ಮಾತ್ರಕ್ಕೆ ಒಳಗಿನ ಸಾಂಬಾರ್ ಹೇಗಿರುತ್ತದೆ ಅಂತ ಹೇಳಕ್ಕಾಗಲ್ಲ, ಇದೂ ಹಾಗೆ. ವ್ಯಾಪಾರ, ಇಂಧನ, ವಿಜ್ಞಾನ, ಸೇನೆ ಎಲ್ಲದರಲ್ಲೂ ದೀರ್ಘಕಾಲ ಜೊತೆಗಿರುತ್ತೇವೆ ಅನ್ನುವುದಷ್ಟೇ ಹೆಸರಿನಿಂದ ಗೊತ್ತಾಗುವುದು. ಸೇನಾ ಮೈತ್ರಿಯೇ ಬೇರೆ. ಅದರಲ್ಲಿ 'ನಿನ್ನ ಮೇಲೆ ದಾಳಿ ಆದರೆ ನಾನು ನೆರವಿಗೆ ಬರುತ್ತೇನೆ' ಅನ್ನುವ ಮಾತು ಬರಹದಲ್ಲೇ ಇರುತ್ತದೆ. ನ್ಯಾಟೊ ಒಪ್ಪಂದದ 5ನೇ ವಿಧಿ ಅಂಥದ್ದು. ಆದ್ದರಿಂದ ಪಾಲುದಾರಿಕೆ ಅನ್ನುವ ಹೆಸರು ಕಂಡಾಗ ಆ ಒಂದು ವಾಕ್ಯ ಒಳಗೆಲ್ಲಾದರೂ ಇದೆಯಾ ಅಂತ ಹುಡುಕಬೇಕು.

ಕೊರಿಯಾ ಒಪ್ಪಂದದಲ್ಲಿ ಇದೆ, ಅದರ 4ನೇ ವಿಧಿಯಲ್ಲಿ. ಇಬ್ಬರಲ್ಲಿ ಒಬ್ಬರ ಮೇಲೆ ಸಶಸ್ತ್ರ ಆಕ್ರಮಣ ಆಗಿ ಯುದ್ಧಕ್ಕೆ ಸಿಕ್ಕಿಕೊಂಡರೆ, ಇನ್ನೊಬ್ಬರು ತಡಮಾಡದೆ, ತಮ್ಮಲ್ಲಿರುವ ಎಲ್ಲ ಸಾಧನಗಳಿಂದ ಸೇನಾ ನೆರವು ಮತ್ತು ಇತರ ನೆರವು ಕೊಡಬೇಕು. ವಿಶ್ವಸಂಸ್ಥೆಯ ಸನ್ನದಿನ 51ನೇ ವಿಧಿಗೆ, ಅಂದರೆ ಆತ್ಮರಕ್ಷಣೆಯ ಹಕ್ಕಿಗೆ, ಮತ್ತು ಎರಡೂ ದೇಶಗಳ ಕಾನೂನಿಗೆ ಅನುಗುಣವಾಗಿ ಅನ್ನುವ ಮಾತೂ ಜೊತೆಗಿದೆ. ನುಣುಚಿಕೊಳ್ಳಲು ಒಂದು ಕಿಂಡಿ ಬೇಕಲ್ಲ! ಈ ಮಾತು ಹೊಸದೇನಲ್ಲ. 1961ರಲ್ಲಿ ಸೋವಿಯತ್ ಒಕ್ಕೂಟ ಉತ್ತರ ಕೊರಿಯಾಕ್ಕೆ ಹೆಚ್ಚುಕಡಿಮೆ ಇದೇ ಭರವಸೆ ಕೊಟ್ಟಿತ್ತು. ಸೋವಿಯತ್ ಒಡೆದ ಮೇಲೆ ರಷ್ಯಾ ಅದನ್ನು ಮುಂದುವರಿಸಲಿಲ್ಲ, 1996ಕ್ಕೆ ಅದು ಮುಗಿಯಿತು. 2000ದಲ್ಲಿ ಆದ ಬದಲಿ ಒಪ್ಪಂದದಲ್ಲಿ ಅಂಥ ಸೇನಾ ಭರವಸೆ ಇರಲಿಲ್ಲ. ಬಡ ನೆರೆಯವನ ಜಗಳವನ್ನು ಮೈಮೇಲೆ ಎಳೆದುಕೊಳ್ಳುವ ಮನಸ್ಸು ಆಗ ಮಾಸ್ಕೋಗೆ ಇರಲಿಲ್ಲ. ಉಕ್ರೇನ್‌ನಲ್ಲಿ ಫಿರಂಗಿ ಗುಂಡು ಸಾಲದೇ ಬಂದಾಗ ಮನಸ್ಸು ಬದಲಾಯಿತು.

ಈಗ ಗೋಜಲಿನ ಪ್ರಶ್ನೆ. 2022ರ ಫೆಬ್ರವರಿ 24ರಂದು ಉಕ್ರೇನ್ ಮೇಲೆ ದಂಡೆತ್ತಿ ಹೋಗಿದ್ದು ರಷ್ಯಾ. ದಾಳಿಗೆ ಒಳಗಾದವರಿಗೆ ನೆರವು ಅನ್ನುವ ವಿಧಿ ದಾಳಿ ಮಾಡಿದವರಿಗೆ ಹೇಗೆ ಅನ್ವಯಿಸುತ್ತದೆ?

2024ರ ಆಗಸ್ಟ್ 6ರಂದು ಉಕ್ರೇನ್ ಸೇನೆ ಗಡಿ ದಾಟಿ ರಷ್ಯಾದ ಕರ್ಸ್ಕ್ ಪ್ರಾಂತ್ಯಕ್ಕೆ ನುಗ್ಗಿತು. ಮಾಸ್ಕೋಗೆ ಬೇಕಾಗಿದ್ದ ನೆಪ ಸಿಕ್ಕಿತು. ಎರಡೂವರೆ ವರ್ಷದಿಂದ ತಾನೇ ನಡೆಸುತ್ತಿದ್ದ ಯುದ್ಧದ ಆ ಒಂದು ತುಂಡನ್ನು ಕತ್ತರಿಸಿ ತೆಗೆದು, ಇಲ್ಲಿ ಆಕ್ರಮಣ ಆಗಿರುವುದು ನಮ್ಮ ಮೇಲೆ ಅಂದಿತು. ಅಕ್ಟೋಬರ್ 18ರಂದು ದಕ್ಷಿಣ ಕೊರಿಯಾದ ಗುಪ್ತಚರ ಸಂಸ್ಥೆ, ಉತ್ತರ ಕೊರಿಯಾದ ಸೈನಿಕರು ಹಡಗಿನಲ್ಲಿ ರಷ್ಯಾದ ವ್ಲಾಡಿವೊಸ್ಟಾಕ್ ತಲುಪಿದ್ದಾರೆ ಎಂದು ಹೇಳಿತು. ಅಕ್ಟೋಬರ್ 24ರಂದು ರಷ್ಯಾದ ಕಜಾನ್‌ನಲ್ಲಿ ಪತ್ರಕರ್ತರು ಕೇಳಿದಾಗ ಪುಟಿನ್ ಇಲ್ಲ ಅನ್ನಲಿಲ್ಲ, ಹೌದು ಅಂತಲೂ ಅನ್ನಲಿಲ್ಲ. 4ನೇ ವಿಧಿಯ ಕಡೆ ಕೈ ತೋರಿಸಿ, ಅದರಡಿ ಏನು ಮಾಡುತ್ತೇವೆ ಅನ್ನುವುದು ನಮಗೆ ಬಿಟ್ಟಿದ್ದು ಅನ್ನುವ ಅರ್ಥದಲ್ಲಿ ಮಾತಾಡಿದರು. ಅದೇ ದಿನ ರಷ್ಯಾದ ಸಂಸತ್ತಿನ ಕೆಳಮನೆ ಒಪ್ಪಂದವನ್ನು ಅಂಗೀಕರಿಸಿತು. ಅದು ಜಾರಿಗೆ ಬಂದಿದ್ದು ಡಿಸೆಂಬರ್ 4ಕ್ಕೆ. ಅಂದರೆ ಒಪ್ಪಂದ ಜಾರಿಗೆ ಬರುವ ಮೊದಲೇ ಸೈನಿಕರು ಬಂದಿಳಿದಿದ್ದರು! ಅವರ ಸಂಖ್ಯೆ 11ರಿಂದ 12 ಸಾವಿರ ಅಂತ ಉಕ್ರೇನ್ ಮತ್ತು ಅಮೆರಿಕದ ಅಂದಾಜು. ರಷ್ಯಾ ಮತ್ತು ಉತ್ತರ ಕೊರಿಯಾ ಬಾಯಿಬಿಟ್ಟು ಒಪ್ಪಿಕೊಂಡಿದ್ದು 2025ರ ಏಪ್ರಿಲ್ ಕೊನೆಗೆ. ಆಗ ಪ್ಯಾಂಗ್ಯಾಂಗ್ ಮುಂದಿಟ್ಟಿದ್ದೂ ಅದೇ 4ನೇ ವಿಧಿಯನ್ನು.

ಈ ಜಾಣತನವನ್ನು ಪುಟಿನ್ ಮೊದಲ ಸಲ ಬಳಸಿದ್ದೇನೂ ಅಲ್ಲ. ಯುದ್ಧ ಶುರುವಾಗಿದ್ದೇ ಇದರಿಂದ. 2022ರ ಫೆಬ್ರವರಿ 21ರಂದು ಪೂರ್ವ ಉಕ್ರೇನ್‌ನ ಡೊನೆಟ್ಸ್ಕ್ ಮತ್ತು ಲುಹಾನ್ಸ್ಕ್ ಪ್ರದೇಶಗಳ ಪ್ರತ್ಯೇಕತಾವಾದಿ ಆಡಳಿತಗಳನ್ನು ಅವರು ಸ್ವತಂತ್ರ ದೇಶಗಳು ಅಂತ ಘೋಷಿಸಿದರು. ಅವತ್ತೇ ಆ 'ದೇಶ'ಗಳ ಜೊತೆ ಸ್ನೇಹ ಮತ್ತು ಪರಸ್ಪರ ನೆರವಿನ ಒಪ್ಪಂದಕ್ಕೆ ಸಹಿ ಹಾಕಿದರು. ಮಾರನೇ ದಿನ ಸಂಸತ್ತು ಒಪ್ಪಿತು. 24ರ ಬೆಳಿಗ್ಗೆ ಭಾಷಣದಲ್ಲಿ, ಆ ಒಪ್ಪಂದಗಳನ್ನು ಪಾಲಿಸಲು, 51ನೇ ವಿಧಿಯ ಪ್ರಕಾರ ಸೇನೆ ಕಳಿಸುತ್ತಿದ್ದೇನೆ ಅಂದರು. ಮೂರು ದಿನದಲ್ಲಿ ಗೆಳೆಯನನ್ನು ಹುಟ್ಟಿಸಿ, ಅವನ ರಕ್ಷಣೆಗೆ ಹೊರಟಂತೆ ಲೆಕ್ಕ. ರಕ್ಷಣೆ ಅನ್ನುವ ಮಾತನ್ನು ದಾಳಿಗೆ ಬಳಸುವುದು ಹೀಗೆ.

ಉತ್ತರ ಕೊರಿಯಾಕ್ಕೆ ಈ ಪಾಲುದಾರಿಕೆಯಿಂದ ಏನು ಸಿಕ್ಕಿತು? ವಿಧಿಗಳಲ್ಲಿ ಹುಡುಕಿದರೆ ಇದಕ್ಕೆ ಉತ್ತರ ಪೂರ್ತಿ ಸಿಗುವುದಿಲ್ಲ. ಉತ್ತರ ಕೊರಿಯಾ ಆಯುಧ ಮಾರುವುದನ್ನು ಭದ್ರತಾ ಮಂಡಳಿ 2006 ಮತ್ತು 2009ರ ನಿರ್ಣಯಗಳಲ್ಲಿ ನಿಷೇಧಿಸಿತ್ತು. ಆ ನಿರ್ಣಯಗಳಿಗೆ ಕೈ ಎತ್ತಿದವರಲ್ಲಿ ರಷ್ಯಾವೂ ಇತ್ತು. ನಿಷೇಧ ಮುರಿದವರ ಮೇಲೆ ಕಣ್ಣಿಡಲು ವಿಶ್ವಸಂಸ್ಥೆಯ ಒಂದು ತಜ್ಞರ ಸಮಿತಿ ಇತ್ತು. 2024ರ ಮಾರ್ಚ್ 28ರಂದು ಅದರ ಅವಧಿ ಮುಂದುವರಿಸುವ ಪ್ರಸ್ತಾಪಕ್ಕೆ ರಷ್ಯಾ ವೀಟೊ ಹಾಕಿತು. ಚೀನಾ ತಟಸ್ಥವಾಗಿ ಕೂತಿತು. ಏಪ್ರಿಲ್ ಕೊನೆಗೆ ಸಮಿತಿಯ ಕಥೆ ಮುಗಿಯಿತು. ನನ್ನ ಪ್ರಕಾರ ಕಿಮ್‌ಗೆ ಕೊಟ್ಟ ದೊಡ್ಡ ಉಡುಗೊರೆ ಇದು. ಪುಟಿನ್ ಕೊಟ್ಟ ಔರಸ್ ಕಾರಿನ ಫೋಟೊ ಎಲ್ಲ ಪತ್ರಿಕೆಯಲ್ಲೂ ಬಂತು, ಇದು ಒಳಪುಟಕ್ಕೆ ಹೋಯಿತು.

ಇರಾನ್ ಒಪ್ಪಂದ ಉದ್ದದ್ದು: 47 ವಿಧಿ, 20 ವರ್ಷದ ಅವಧಿ. ಆದರೆ ನಾವು ಹುಡುಕುವ ವಾಕ್ಯ ಅದರಲ್ಲಿಲ್ಲ. 3ನೇ ವಿಧಿ ಹೇಳುವುದು ಇಷ್ಟೇ: ಒಬ್ಬರ ಮೇಲೆ ದಾಳಿ ಆದರೆ ಇನ್ನೊಬ್ಬರು ದಾಳಿ ಮಾಡಿದವರಿಗೆ ನೆರವು ಕೊಡಬಾರದು. ನಿನ್ನ ಜೊತೆ ಬರುತ್ತೇನೆ ಅನ್ನುವುದಕ್ಕೂ ನಿನ್ನ ವೈರಿಯ ಜೊತೆ ಸೇರಲ್ಲ ಅನ್ನುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? 2025ರ ಜೂನ್ 13ರಂದು ಇಸ್ರೇಲ್ ದಾಳಿ ಶುರುಮಾಡಿತು. 22ರಂದು ಅಮೆರಿಕ ಫೊರ್ಡೊ, ನತಾಂಜ್, ಇಸ್ಫಹಾನ್ ಅಣು ಕೇಂದ್ರಗಳ ಮೇಲೆ ಬಾಂಬ್ ಹಾಕಿತು. ಒಪ್ಪಂದದಲ್ಲಿ ರಕ್ಷಣೆಗೆ ಸಂಬಂಧಿಸಿದ ವಿಧಿ ಇಲ್ಲ ಎಂದು ಪುಟಿನ್ ನೆನಪಿಸಿದರು. ಇಸ್ರೇಲ್‌ನಲ್ಲಿ ಹಳೆಯ ಸೋವಿಯತ್ ಮತ್ತು ರಷ್ಯಾದಿಂದ ಹೋದವರು ಸುಮಾರು 20 ಲಕ್ಷ ಇದ್ದಾರೆ ಅಂತಲೂ ಹೇಳಿದರು. ಒಪ್ಪಂದ ಆಗಿನ್ನೂ ಜಾರಿಗೆ ಬಂದಿರಲಿಲ್ಲ. ಬಂದಿದ್ದರೂ ಏನೂ ಬದಲಾಗುತ್ತಿರಲಿಲ್ಲ.

ಇರಾನ್ ಮೋಸ ಹೋಯಿತು ಅಂತ ಕೆಲವರು ಬರೆದರು. ನನಗೆ ಹಾಗೆ ಅನ್ನಿಸುವುದಿಲ್ಲ. ಸಹಿಗೆ ಮೊದಲೇ ಇರಾನ್ ಅಧಿಕಾರಿಗಳು ತಮಗೆ ಯಾವ ಬಣಕ್ಕೂ ಸೇರುವ ಆಸೆ ಇಲ್ಲ ಅಂದಿದ್ದರು. ಆದರೆ ಅವರ ಕೈಯಲ್ಲಿದ್ದ ಬೆಲೆಬಾಳುವ ಸರಕು ಅಷ್ಟರಲ್ಲಾಗಲೇ ಹೋಗಿಬಿಟ್ಟಿತ್ತು ಅನ್ನುವುದೂ ನಿಜ. 2022ರಿಂದ ಉಕ್ರೇನ್ ಮೇಲೆ ಹಾರಿದ ಶಾಹೆದ್ ಡ್ರೋನ್‌ಗಳು ಇರಾನ್‌ನವು. ಈಗ ರಷ್ಯಾ ಅವನ್ನು ಗೆರಾನ್ ಅನ್ನುವ ಹೆಸರಿನಲ್ಲಿ ಟಾಟರ್‌ಸ್ತಾನದ ಅಲಾಬುಗಾದಲ್ಲಿ ತಾನೇ ತಯಾರಿಸುತ್ತದೆ. ವಿದ್ಯೆ ಒಮ್ಮೆ ಕೊಟ್ಟರೆ ಮುಗಿಯಿತು. ಸೈನಿಕರನ್ನು, ಗುಂಡುಗಳನ್ನು ಮಾತ್ರ ಮತ್ತೆ ಮತ್ತೆ ಕೇಳಬೇಕಾಗುತ್ತದೆ. ಕೊರಿಯಾ ಹತ್ತಿರ ಇದ್ದಿದ್ದು ಅದೇ.

ಬೆಲಾರುಸ್ ವಿಷಯ ಇನ್ನೊಂದು ತರಹ. 1999ರ ಒಪ್ಪಂದದ ಪ್ರಕಾರ ರಷ್ಯಾ ಜೊತೆ ಅದು ಒಂದು 'ಒಕ್ಕೂಟ ರಾಜ್ಯ'. ಉಕ್ರೇನ್ ರಾಜಧಾನಿ ಕೀವ್ ಮೇಲೆ ಹೋದ ರಷ್ಯಾ ಸೇನೆಗೆ ದಾರಿ ಬಿಟ್ಟಿತು, ತನ್ನ ಸೇನೆಯನ್ನು ಕಳಿಸಲಿಲ್ಲ.

ಇನ್ನು ಚೀನಾ. ಯುದ್ಧಕ್ಕೆ 20 ದಿನ ಮೊದಲು, 2022ರ ಫೆಬ್ರವರಿ 4ರಂದು, ಬೀಜಿಂಗ್‌ನಲ್ಲಿ ಪುಟಿನ್ ಮತ್ತು ಷಿ ಜಿನ್‌ಪಿಂಗ್ ತಮ್ಮ ದೇಶಗಳ ಸ್ನೇಹಕ್ಕೆ ಮಿತಿಯೇ ಇಲ್ಲ ಅಂದರು. ಅದು ಒಪ್ಪಂದವಲ್ಲ, ಜಂಟಿ ಹೇಳಿಕೆ. 2001ರ ಒಪ್ಪಂದದಲ್ಲೂ ಅಪಾಯ ಬಂದರೆ ಮಾತುಕತೆ ಅಂತ ಇದೆಯೇ ಹೊರತು ನೆರವಿಗೆ ಬರುವ ಮಾತಿಲ್ಲ. ಚೀನಾ ಅಂಥ ಮಾತು ಕೊಟ್ಟಿರುವುದು ಒಂದೇ ದೇಶಕ್ಕೆ, ಅದೂ 1961ರಲ್ಲಿ: ಉತ್ತರ ಕೊರಿಯಾಕ್ಕೆ. ಆದರೂ ರಷ್ಯಾವನ್ನು ಬೀಳದಂತೆ ಹಿಡಿದಿರುವುದು ಚೀನಾವೇ. 2024ರಲ್ಲಿ ಎರಡು ದೇಶಗಳ ವ್ಯಾಪಾರ ಸುಮಾರು 24,500 ಕೋಟಿ ಡಾಲರ್. ತೈಲ ಆ ಕಡೆ ಹೋಗುತ್ತದೆ, ಯಂತ್ರ ಮತ್ತು ಎಲೆಕ್ಟ್ರಾನಿಕ್ ಬಿಡಿಭಾಗ ಈ ಕಡೆ ಬರುತ್ತವೆ. ಮಾರಕ ಆಯುಧ ಕೊಡುತ್ತಿಲ್ಲ ಅನ್ನುವುದು ಚೀನಾದ ಮಾತು. ಕಾಗದದ ಮೇಲೆ ಕಡಿಮೆ ಬರೆದಷ್ಟೂ ಅದಕ್ಕೆ ಅನುಕೂಲ ಜಾಸ್ತಿ.

ಪಶ್ಚಿಮದ ಪತ್ರಿಕೆಗಳು ಚೀನಾ, ರಷ್ಯಾ, ಇರಾನ್, ಉತ್ತರ ಕೊರಿಯಾ ನಾಲ್ಕರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಗಂಟುಹಾಕಿ 'ಕ್ರಿಂಕ್' ಅನ್ನುತ್ತವೆ. ಕೇಳಲು ಚೆನ್ನಾಗಿದೆ, ಆದರೆ ಈ ನಾಲ್ವರೂ ಸೇರಿ ಸಹಿ ಹಾಕಿದ ಸೇನಾ ಒಪ್ಪಂದ ಒಂದೂ ಇಲ್ಲ. ಯುದ್ಧ ಶುರುವಾದ ವಾರದಲ್ಲೇ, ಮಾರ್ಚ್ 2ರಂದು, ವಿಶ್ವಸಂಸ್ಥೆಯ ಮಹಾಸಭೆ ಆಕ್ರಮಣವನ್ನು ಖಂಡಿಸಿ ಮತ ಹಾಕಿತು. ರಷ್ಯಾ ಪರ ನಿಂತವರು ಬೆಲಾರುಸ್, ಉತ್ತರ ಕೊರಿಯಾ, ಸಿರಿಯಾ, ಎರಿಟ್ರಿಯಾ ಮಾತ್ರ. ಚೀನಾ ಮತ್ತು ಇರಾನ್ ತಟಸ್ಥರ ಸಾಲಿನಲ್ಲಿದ್ದವು.

ಭಾರತವೂ ಅದೇ ಸಾಲಿನಲ್ಲಿತ್ತು. ರಷ್ಯಾ ಜೊತೆ ನಮಗೂ ಇಂಥದ್ದೇ ಹೆಸರಿನ ಸಂಬಂಧ ಇದೆ. 1971ರ ಆಗಸ್ಟ್ 9ರಂದು, ಬಾಂಗ್ಲಾ ಯುದ್ಧಕ್ಕೆ ಮೊದಲು, ಭಾರತ ಮತ್ತು ಸೋವಿಯತ್ ಒಕ್ಕೂಟ ಸಹಿ ಹಾಕಿದ ಒಪ್ಪಂದದ ಹೆಸರು ಸುಮ್ನೆ ಶಾಂತಿ, ಸ್ನೇಹ ಮತ್ತು ಸಹಕಾರ ಅಂತ. ಆದರೆ ಅದರ 9ನೇ ವಿಧಿಯಲ್ಲಿ ತೂಕ ಇತ್ತು: ಒಬ್ಬರ ವೈರಿಗೆ ಇನ್ನೊಬ್ಬರು ನೆರವು ಕೊಡಬಾರದು, ದಾಳಿ ಅಥವಾ ದಾಳಿಯ ಬೆದರಿಕೆ ಬಂದರೆ ಇಬ್ಬರೂ ತಕ್ಷಣ ಮಾತಾಡಿ ಅಪಾಯ ನಿವಾರಿಸುವ ಕ್ರಮ ಕೈಗೊಳ್ಳಬೇಕು. 1993ರಲ್ಲಿ ರಷ್ಯಾ ಜೊತೆ ಹೊಸ ಒಪ್ಪಂದ ಆದಾಗ ಆ ವಿಧಿಯ ಬಿಗಿ ಉಳಿಯಲಿಲ್ಲ. 2000ದಲ್ಲಿ 'ಕಾರ್ಯತಂತ್ರ ಪಾಲುದಾರಿಕೆ' ಅನ್ನುವ ಹೆಸರು ಬಂತು. 2010ರಲ್ಲಿ ಅದರ ಮುಂದೆ 'ವಿಶೇಷ ಮತ್ತು ಸವಲತ್ತಿನ' ಅನ್ನುವ ಎರಡು ವಿಶೇಷಣಗಳೂ ಸೇರಿಕೊಂಡವು.