ಪದ ಪರಿಚಯ: ಮರದ ಸಂಪೀಡನ ಸಾಮರ್ಥ್ಯ

ಒಂದು ವಸ್ತುವನ್ನು ಎರಡು ತುದಿಗಳಿಂದ ಅಮುಕಿದಾಗ, ಅದು ಸೋಲುವ ಮುನ್ನ ತನ್ನ ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿನ ಮೇಲೆ ತಡೆದುಕೊಳ್ಳುವ ಗರಿಷ್ಠ ಬಲವನ್ನು ಅದರ ಸಂಪೀಡನ ಸಾಮರ್ಥ್ಯ ಎನ್ನುತ್ತಾರೆ. ಚದರ ಮಿಲಿಮೀಟರಿಗೆ ಒಂದು ನ್ಯೂಟನ್ ಎಂದರೆ ಒಂದು ಮೆಗಾಪ್ಯಾಸ್ಕಲ್. ಕಾಂಕ್ರೀಟಿಗೆ ಇಂಥ ಒಂದು ಅಂಕಿ ಬಹುಮಟ್ಟಿಗೆ ಸಾಕಾಗುತ್ತದೆ, ಮರಕ್ಕೆ ಸಾಲದು. ತೇಗದ ಸಂಪೀಡನ ಸಾಮರ್ಥ್ಯ ಎಷ್ಟೆಂದು ಕೇಳಿದವರನ್ನು, ಯಾವ ದಿಕ್ಕಿನಲ್ಲಿ ಒತ್ತಿದಾಗ ಮತ್ತು ಮರದಲ್ಲಿ ಎಷ್ಟು ತೇವವಿದ್ದಾಗ ಎಂದು ಮರಳಿ ಕೇಳದೆ ಉತ್ತರ ಕೊಡಲಾಗದು.

ಮರದ ಬಹುಪಾಲು ಜೀವಕೋಶಗಳು ಕಾಂಡದ ಉದ್ದಕ್ಕೂ ಚಾಚಿಕೊಂಡ ಸಣ್ಣ ಪೊಳ್ಳು ಕೊಳವೆಗಳು. ಅವು ಸಾಗಿದ ದಿಕ್ಕೇ ಮರದ ಎಳೆ. ಬಿಗಿಯಾಗಿ ಕಟ್ಟಿದ ವಾಟೆಯ ಕಂತೆಯನ್ನು ನೆಟ್ಟಗೆ ನಿಲ್ಲಿಸಿ ಭಾರ ಹೇರುವುದಕ್ಕೂ ಮಲಗಿಸಿ ಹೇರುವುದಕ್ಕೂ ಇರುವ ಅಂತರವೇ ಮರದೊಳಗೂ ಇದೆ. ಎಳೆಯ ಉದ್ದಕ್ಕೆ ಒತ್ತಿದಾಗ ಕೋಶಭಿತ್ತಿಗಳು ಭಾರವನ್ನು ನೇರವಾಗಿ ಹೊರುತ್ತವೆ. ಅಡ್ಡಕ್ಕೆ ಒತ್ತಿದಾಗ ಕೊಳವೆಗಳು ಚಪ್ಪಟೆಯಾಗುತ್ತವೆ. ಹೀಗಾಗಿ ಅಡ್ಡ ಎಳೆಯ ಸಾಮರ್ಥ್ಯವು ಉದ್ದ ಎಳೆಯದರ ಹತ್ತರಲ್ಲೊಂದರಿಂದ ಐದರಲ್ಲೊಂದು ಪಾಲಿನಷ್ಟಿರುವುದು ಸಾಮಾನ್ಯ. ನಡುವಿನ ಕೋನಗಳಿಗೆ 1921ರಲ್ಲಿ ಪ್ರಕಟವಾದ ಹ್ಯಾಂಕಿನ್ಸನ್ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಉದ್ದಕ್ಕೆ 50, ಅಡ್ಡಕ್ಕೆ 10 ಮೆಗಾಪ್ಯಾಸ್ಕಲ್ ತಡೆಯುವ ಮರವೊಂದರಲ್ಲಿ ಎಳೆ 30 ಡಿಗ್ರಿ ವಾಲಿದ್ದರೆ, ಆ ಸೂತ್ರದ ಪ್ರಕಾರ ಸಾಮರ್ಥ್ಯ 25ಕ್ಕೆ ಇಳಿಯುತ್ತದೆ. ಸುರುಳಿ ಎಳೆಯ ಮರವನ್ನು ಕಂಬಕ್ಕೆ ಆರಿಸಬಾರದೆಂಬ ಎಚ್ಚರಕ್ಕೆ ಇಷ್ಟು ಲೆಕ್ಕವೇ ಸಾಕು.

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಹಳೆಯ ತೊಟ್ಟಿಮನೆಗಳಲ್ಲಿ ಈ ವ್ಯತ್ಯಾಸವನ್ನು ಕಣ್ಣಾರೆ ಕಾಣಬಹುದು. ಕಂಬದಲ್ಲಿ ಭಾರ ಎಳೆಗುಂಟ ಇಳಿಯುತ್ತದೆ. ಆದರೆ ಆ ಕಂಬದ ತಲೆ ತೊಲೆಯನ್ನು ಮುಟ್ಟುವ ಜಾಗದಲ್ಲಿ ಅದೇ ಭಾರ ತೊಲೆಯ ಎಳೆಗೆ ಅಡ್ಡವಾಗಿ ಬೀಳುತ್ತದೆ. ಎರಡೂ ಒಂದೇ ಜಾತಿಯ ಮರವಾದರೂ ಮೊದಲು ತಗ್ಗು ಬೀಳುವುದು ತೊಲೆಯೇ. ನಡುವೆ ಕೂರಿಸುವ ಬೋದಿಗೆಯು ತೊಲೆಗೆ ಆಗುವ ಒತ್ತಡವನ್ನು ಹೆಚ್ಚು ಅಗಲಕ್ಕೆ ಹರಡುತ್ತದೆ. ಆದರೆ ಬೋದಿಗೆಯೂ ಮಲಗಿದ ಎಳೆಯದೇ ಆಗಿರುವುದರಿಂದ, ಕಂಬದ ತಲೆಯ ಒತ್ತಡವನ್ನು ಅದು ತಾನೇ ಅಡ್ಡ ಎಳೆಯಲ್ಲಿ ಹೊರಬೇಕು. ಅಲ್ಲಿಗೆ ಗಟ್ಟಿ ಜಾತಿಯ, ಚೇಗಿನ, ಅಂದರೆ ಕಾಂಡದ ಒಳಗಿನ ಬಲಿತ ಭಾಗವೇ ತಕ್ಕದ್ದು. ಬೋದಿಗೆಯನ್ನು ಕೇವಲ ಕೆತ್ತನೆಯ ಅಲಂಕಾರವೆಂದು ಎಣಿಸಿ ದುರಸ್ತಿಯ ವೇಳೆ ಕಿತ್ತುಹಾಕುವವರನ್ನು ಕಂಡರೆ ನನಗೆ ನೋವಾಗುತ್ತದೆ.

ಇನ್ನು ತೇವ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ಕೊಳವೆಗಳ ಪೊಳ್ಳಿನಲ್ಲಿ ಮತ್ತು ಕೋಶಭಿತ್ತಿಯ ಒಳಗೆ. ಪೊಳ್ಳಿನ ನೀರು ಹೋದರೆ ಮರ ಹಗುರವಾಗುತ್ತದೆಯೇ ಹೊರತು ಅದರ ಬಲ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ತೇವಾಂಶ ಸುಮಾರು 25ರಿಂದ 30 ಶೇಕಡಾಕ್ಕೆ ಇಳಿದಾಗ ಪೊಳ್ಳು ಬರಿದಾಗಿ, ಭಿತ್ತಿ ಮಾತ್ರ ನೀರುಂಡಿರುತ್ತದೆ. ಇದನ್ನು ನಾರಿನ ಸಂತೃಪ್ತ ಬಿಂದು ಎನ್ನುತ್ತಾರೆ. ಅದಕ್ಕಿಂತ ಕೆಳಗೆ ಒಣಗುವಾಗ ಭಿತ್ತಿಯಲ್ಲಿನ ಸೆಲ್ಯುಲೋಸಿನ ಸೂಕ್ಷ್ಮ ತಂತುಗಳ ನಡುವೆ ಸೇರಿಕೊಂಡಿದ್ದ ನೀರು ಹೊರಬಿದ್ದು ಅವು ಹತ್ತಿರ ಸರಿದು ಬಂಧಗೊಳ್ಳುತ್ತವೆ. ಮರ ಕುಗ್ಗುತ್ತದೆ, ಜೊತೆಗೆ ಬಲಿಯುತ್ತದೆ. ತೇವ ಶೇಕಡಾ ಒಂದರಷ್ಟು ಇಳಿದಂತೆಲ್ಲ ಹಲವು ಜಾತಿಗಳಲ್ಲಿ ಉದ್ದ ಎಳೆಯ ಸಂಪೀಡನ ಸಾಮರ್ಥ್ಯ ಸುಮಾರು ನಾಲ್ಕರಿಂದ ಆರು ಶೇಕಡಾ ಏರುತ್ತದೆ. ತೇಗದಲ್ಲಿ ಏರಿಕೆ ಇದಕ್ಕಿಂತ ಕಡಿಮೆ: ಕೈಪಿಡಿಗಳಲ್ಲಿ ಅದಕ್ಕೆ ಕೊಟ್ಟ ಸರಾಸರಿ ಹಸಿಯಲ್ಲಿ ಸುಮಾರು 41, 12 ಶೇಕಡಾ ತೇವದಲ್ಲಿ ಸುಮಾರು 58 ಮೆಗಾಪ್ಯಾಸ್ಕಲ್. ಒಣಗಿದ ಮರವೂ ಗಾಳಿಯ ತೇವಕ್ಕೆ ತಕ್ಕಂತೆ ಬದಲಾಗುತ್ತಲೇ ಇರುತ್ತದೆ. ಗಾಳಿಯ ಆರ್ದ್ರತೆ 50 ಶೇಕಡಾ ಇದ್ದಾಗ ಒಂಬತ್ತರ ಆಸುಪಾಸಿನಲ್ಲಿ ನಿಲ್ಲುವ ಮರದ ತೇವಾಂಶ, ಆಗುಂಬೆಯ ಮಳೆಗಾಲದಂತೆ ಆರ್ದ್ರತೆ 90 ಶೇಕಡಾ ಮುಟ್ಟಿ ವಾರಗಟ್ಟಲೆ ಹಾಗೆಯೇ ಇದ್ದರೆ 20ರ ಕಡೆಗೆ ಏರುತ್ತದೆ.

ಪರೀಕ್ಷೆಗೆ ಗಂಟು, ಬಿರುಕುಗಳಿಲ್ಲದ ಸಣ್ಣ ತುಂಡುಗಳನ್ನು ಬಳಸುತ್ತಾರೆ. ಐಎಸ್ 1708 ಎಂಬ ಭಾರತೀಯ ಮಾನಕದಲ್ಲಿ ಉದ್ದ ಎಳೆಯ ಪರೀಕ್ಷೆಗೆ ಹೇಳಿರುವ ಒಂದು ಅಳತೆ 2×2×8 ಸೆಂಟಿಮೀಟರ್. ಉದ್ದ ಇದಕ್ಕಿಂತ ತೀರ ಹೆಚ್ಚಾದರೆ ತುಂಡು ನಜ್ಜುವ ಬದಲು ಬಾಗುತ್ತದೆ. ತೀರ ಕಡಿಮೆಯಾದರೆ ಯಂತ್ರದ ಫಲಕಗಳ ಘರ್ಷಣೆ ಫಲಿತಾಂಶವನ್ನು ಕೆಡಿಸುತ್ತದೆ. ಒಣ ತೇಗದ ಅಂಥ ತುಂಡನ್ನು ನಜ್ಜಿಸಲು ಸುಮಾರು 23 ಸಾವಿರ ನ್ಯೂಟನ್, ಅಂದರೆ ಎರಡು ಟನ್ನಿಗೂ ಮಿಕ್ಕಿದ ಭಾರ ಬೇಕು. ಆಗ ಅದರ ಪಕ್ಕದಲ್ಲಿ ಓರೆಯಾದ ಸುಕ್ಕಿನ ಗೆರೆ ಮೂಡುತ್ತದೆ. ಅಡ್ಡ ಎಳೆಯಲ್ಲಿ ಇಂಥ ಸ್ಪಷ್ಟ ಸೋಲು ಕಾಣುವುದಿಲ್ಲ. ಮರ ಚಪ್ಪಟೆಯಾಗುತ್ತ, ಮತ್ತೆ ಬಿಗಿಯುತ್ತ ಹೋಗುತ್ತದೆ. ಅದಕ್ಕಾಗಿ ಅಲ್ಲಿ 2.5 ಮಿಲಿಮೀಟರ್ ಕುಗ್ಗಿದಾಗಿನ ಒತ್ತಡವನ್ನು ದಾಖಲಿಸುತ್ತಾರೆ.

ತೇವದ ಪಾಲನ್ನು ಬೇರ್ಪಡಿಸಿ ತಿಳಿಯಬೇಕಾದರೆ ಒಂದೇ ದಿಮ್ಮಿಯಲ್ಲಿ, ಒಂದರ ಪಕ್ಕ ಒಂದಿದ್ದ ತುಂಡುಗಳನ್ನೇ ಹೋಲಿಸಬೇಕು. ಒಣ ತೇಗವನ್ನು ಹಸಿ ಹಲಸಿನ ಎದುರು ಇಟ್ಟರೆ ಜಾತಿಯ ವ್ಯತ್ಯಾಸವೂ ತೇವದ ವ್ಯತ್ಯಾಸವೂ ಕಲಸಿಹೋಗುತ್ತವೆ. ಒಂದು ರಾತ್ರಿ ನೀರಿನಲ್ಲಿ ನೆನೆಸಿದ ತುಂಡನ್ನು ಹಸಿ ಮರವೆಂದು ಪರಿಗಣಿಸುವುದೂ ತಪ್ಪು, ಏಕೆಂದರೆ ಅದು ಹೊರಮೈಯಲ್ಲಷ್ಟೇ ನೆನೆದಿರುತ್ತದೆ. ತುಂಡು ನಜ್ಜಿದ ಕೂಡಲೇ ಅದರಿಂದ ಒಂದು ಹೋಳು ಕೊಯ್ದು ತೂಗಿ, ತೂಕ ಇಳಿಯುವುದು ನಿಲ್ಲುವವರೆಗೆ 103 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಣಗಿಸಿ, ಮತ್ತೆ ತೂಗಬೇಕು. 62 ಗ್ರಾಂ ಇದ್ದದ್ದು 50 ಗ್ರಾಂ ಆದರೆ ತೇವಾಂಶ 24 ಶೇಕಡಾ. ಭಾಗಿಸುವುದು ಒಣ ತೂಕದಿಂದ.

ಹೀಗೆ ದೊರೆತ ಅಂಕಿಯನ್ನು ನೇರವಾಗಿ ಕಂಬದ ಲೆಕ್ಕಕ್ಕೆ ಹಾಕುವಂತಿಲ್ಲ. ನಿಜವಾದ ಕಂಬದಲ್ಲಿ ಗಂಟುಗಳಿರುತ್ತವೆ, ಭಾರ ನಿಮಿಷಗಳ ಬದಲು ದಶಕಗಳ ಕಾಲ ಇರುತ್ತದೆ, ಉದ್ದನೆಯ ಕಂಬ ಬಾಗಲೂಬಹುದು. ಆದ್ದರಿಂದ ವಿನ್ಯಾಸದಲ್ಲಿ ಬಳಸುವ ಅನುಮತಿತ ಒತ್ತಡವು ಪರೀಕ್ಷೆಯಲ್ಲಿ ಕಂಡದ್ದರ ಒಂದು ಸಣ್ಣ ಪಾಲು ಮಾತ್ರವಾಗಿರುತ್ತದೆ.