ಮಾಮೂಲಿ ಹಕ್ಕಿಯನ್ನು ಯಾಕೆ ಬಿಡುತ್ತೀರಿ?

ಪಕ್ಷಿವೀಕ್ಷಣೆಗೆಂದು ನನ್ನೊಡನೆ ಬರುವವರಲ್ಲಿ ಬಹುಪಾಲು ಮಂದಿ ದುಬಾರಿ ದುರ್ಬೀನನ್ನೂ ಬಣ್ಣದ ಕೈಪಿಡಿಯನ್ನೂ ತಪ್ಪದೆ ತರುತ್ತಾರೆ. ಆದರೆ ಹೊಲದಂಚಿನ ತಂತಿಯ ಮೇಲೆ ಕುಳಿತ ನೀಲಕಂಠವನ್ನು ತೋರಿಸಿದರೆ ‘ಅದು ಮಾಮೂಲಿ, ಬಿಡಿ ಸಾರ್’ ಎಂದುಬಿಡುತ್ತಾರೆ.

1862ರಿಂದ 64ರವರೆಗೆ ಬ್ರಿಟಿಷ್ ವೈದ್ಯ, ಪ್ರಾಣಿಶಾಸ್ತ್ರಜ್ಞ ಜೆರ್ಡನ್ ಭಾರತದ ಹಕ್ಕಿಗಳ ಸಂಪುಟಗಳನ್ನು ಪ್ರಕಟಿಸಿದ ಕಾಲದಲ್ಲಿ, ಹಕ್ಕಿಯನ್ನು ಖಚಿತವಾಗಿ ಗುರುತಿಸಬೇಕೆಂದರೆ ಸಾಮಾನ್ಯವಾಗಿ ಅದನ್ನು ಹೊಡೆದು ಕೈಗೆ ತೆಗೆದುಕೊಳ್ಳಬೇಕಿತ್ತು. 1934ರಲ್ಲಿ ಅಮೆರಿಕದ ರೋಜರ್ ಟೋರಿ ಪೀಟರ್ಸನ್ ತಮ್ಮ ಕೈಪಿಡಿಯ ಚಿತ್ರಗಳಿಗೆ ಪುಟ್ಟ ಗೆರೆಗಳನ್ನೆಳೆದು, ದೂರದಿಂದಲೇ ಕಾಣುವ ಗುರುತುಗಳನ್ನು ತೋರಿಸಿಕೊಟ್ಟರು. ನಮ್ಮವರಿಗೆ ಆ ಅನುಕೂಲ ಒದಗಿದ್ದು 1941ರಲ್ಲಿ, ಸಲೀಂ ಅಲಿಯವರ ಪುಸ್ತಕದಿಂದ. ಅದಕ್ಕೆ ತುಸು ಮೊದಲು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಅವರ ಸಲಹೆಯ ಮೇರೆಗೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಕೈಪಿಡಿಗಳಿಂದಾದ ದೊಡ್ಡ ಉಪಕಾರವೆಂದರೆ, ಮೇಷ್ಟ್ರೋ ಗುಮಾಸ್ತರೋ ಬರೆದಿಟ್ಟ ಟಿಪ್ಪಣಿಯೂ ವಿಜ್ಞಾನಕ್ಕೆ ಆಧಾರವಾಗುವಂತಾದದ್ದು.

ಜನ ಎಡವುವುದು ಇಲ್ಲಿಯೇ. ನೀವು ಅಪರೂಪದ್ದನ್ನಷ್ಟೇ ಬರೆದರೆ, ಪಟ್ಟಿಯಲ್ಲಿ ಮೈನಾ ಇಲ್ಲದಿರುವುದನ್ನು ಹೇಗೆ ಓದಬೇಕು? ಮೈನಾ ಇರಲಿಲ್ಲವೋ, ನೀವು ಬರೆಯಲಿಲ್ಲವೋ? ಗುರುತಿಸಿದ ಪ್ರತಿಯೊಂದು ಹಕ್ಕಿಯನ್ನೂ, ಎಷ್ಟು ಹೊತ್ತು ನೋಡಿದಿರೆಂಬುದನ್ನೂ ದಾಖಲಿಸಿದಾಗ ಮಾತ್ರ, ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಮೈನಾ ಇದೆ, ಆ ಪಾಲು ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ ಎಂದು ಲೆಕ್ಕ ಹಾಕಲು ಬರುತ್ತದೆ. ಭಾರತದ ಹಕ್ಕಿಗಳ ಸ್ಥಿತಿಗತಿಯ 2023ರ ವರದಿ, ಹವ್ಯಾಸಿಗಳು ಹಕ್ಕಿಪಟ್ಟಿಗಳನ್ನು ಕೂಡಿಡುವ ಇ-ಬರ್ಡ್ ಜಾಲತಾಣಕ್ಕೆ ಸೇರಿಸಿದ ಇಂಥ ಪಟ್ಟಿಗಳನ್ನೇ ನೆಚ್ಚಿಕೊಂಡು 942 ಪ್ರಭೇದಗಳನ್ನು ಪರಿಶೀಲಿಸಿತು. ಇಳಿಮುಖವಾಗಿರುವುದರಿಂದ ಅಳಿವಿನ ಅಪಾಯದ ಮರುಮೌಲ್ಯಮಾಪನ ಆಗಬೇಕೆಂದು ಅದು ಸೂಚಿಸಿದ ಹಕ್ಕಿಗಳಲ್ಲಿ ನಮ್ಮ ರಾಜ್ಯಪಕ್ಷಿ ನೀಲಕಂಠವೂ ಒಂದು, ನೀವು ‘ಬಿಡಿ’ ಎಂದದ್ದೇ ಅದು. ಈ ಲೆಕ್ಕ ಕಾರಣವನ್ನು ಹೇಳುವುದಿಲ್ಲ. ಎಲ್ಲ ಊರಿನಲ್ಲೂ ಪರಿಸ್ಥಿತಿ ಹೀಗೇ ಇದೆಯೆಂದೂ ನಾನು ಹೇಳಲಾರೆ.

ಒಮ್ಮೆ ಕ್ಯಾಮೆರಾ ಹೊತ್ತವರ ಗುಂಪಿನಲ್ಲಿ ತಂದೆಯೊಡನೆ ಬಂದಿದ್ದ ಶಾಲಾ ಹುಡುಗಿಯೊಬ್ಬಳು, ದೊಡ್ಡವರೆಲ್ಲ ಗೂಬೆಗಾಗಿ ಪೊದೆ ಇಣುಕುತ್ತಿದ್ದಾಗ, ರೂಲು ಎಳೆದ ನೋಟ್‌ಬುಕ್ಕಿನಲ್ಲಿ ‘ಕಾಗೆ 22, ಮೈನಾ 14, ಗಿಳಿ 6, ಇನ್ನೊಂದು ಹಾರಿಹೋಯ್ತು’ ಎಂದು ಬರೆದುಕೊಂಡಿದ್ದಳು. ಅಂದಿನ ಗುಂಪಿನಲ್ಲಿ ಉಪಯೋಗಕ್ಕೆ ಬರುವ ದಾಖಲೆ ಅದೊಂದೇ. ನೀವೂ ಹಾಗೆಯೇ ಬರೆಯಿರಿ: ಹಿಂಡು ದೊಡ್ಡದಿದ್ದರೆ ಅಂದಾಜು ಸಾಕು, ಗುರುತು ಹತ್ತದ ಗಿಡುಗವನ್ನು ಬರೀ ‘ಗಿಡುಗ’ ಎಂದೇ ಬಿಡಿ, ಮನೆಗೆ ಹೋಗಿ ಪುಸ್ತಕದ ಚಿತ್ರ ನೋಡಿ ಹೆಸರು ಹೊಂದಿಸಬೇಡಿ.